ವಿಷಾದವೂ ಮಧುಮೇಹವೂ

ವಿಷಾದವೆಂಬ ಶಬ್ದವನ್ನು ನಾವು ಬಹು ಸುಲಭವಾಗಿ ಬಳಸುತ್ತೇವೆ. ಮದುವೆಗೆ ಬರಲಾಗದಿದ್ದರೆ ವಿಷಾದ, ಪತ್ರಕ್ಕೆ ಉತ್ತರ ತಡವಾದರೆ ವಿಷಾದ. ಆದರೆ ಆ ಶಬ್ದದ ಒಡಲಿನಲ್ಲಿ ಏನಿದೆಯೆಂದು ನೋಡುವವರು ವಿರಳ. ವೈಯಾಕರಣರು ಅದನ್ನು ಬಿಡಿಸಿದರೆ ದೊರೆಯುವುದು ‘ಸದ್’ ಎಂಬ ಧಾತು. ಕುಸಿಯುವುದು, ಕುಳಿತುಬಿಡುವುದು ಎಂಬವು ಅದರ ಅರ್ಥಗಳು. ಸದನ, ಸದಸ್ಸು ಎಂಬ ಶಬ್ದಗಳೂ ಅದೇ ಧಾತುವಿನ ಸಂತಾನ. ಆದುದರಿಂದ ವಿಷಾದವೆಂದರೆ ಬರಿಯ ದುಃಖವಲ್ಲ. ನಿಂತಿದ್ದವನು ಕುಸಿದು ಕುಳಿತುಬಿಡುವ ಅವಸ್ಥೆ. ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ವಿಷಾದಯೋಗವೆಂದು ಹೆಸರಾದುದೂ, ಆ ಅಧ್ಯಾಯದ ಕೊನೆಯಲ್ಲಿ ಅರ್ಜುನನು ಬಿಲ್ಲನ್ನು ಚೆಲ್ಲಿ ರಥದಲ್ಲಿ ಕುಳಿತುಬಿಡುವುದೂ ಈ ಅರ್ಥಕ್ಕೆ ಚೆನ್ನಾಗಿ ಹೊಂದುತ್ತವೆ. ಈಗಿನ ವೈದ್ಯರು ಖಿನ್ನತೆಯೆಂದು ಕರೆಯುವ ರೋಗವೂ ಮನುಷ್ಯನನ್ನು ಹೀಗೆಯೇ ಕೂರಿಸಿಬಿಡುತ್ತದೆ.

ಮಧುಮೇಹದ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕಾಗಿಲ್ಲ. ‘ಸಕ್ಕರೆ ಕಾಯಿಲೆ’ ಇಲ್ಲದ ಮನೆ ಈಗ ನಮ್ಮ ಸೀಮೆಯಲ್ಲಿ ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ದೇಶದಾದ್ಯಂತ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹತ್ತು ಕೋಟಿಗೂ ಮಿಕ್ಕಿದ ಭಾರತೀಯರಿಗೆ ಈ ರೋಗವಿದೆ. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ ಹದಿಮೂರು ಕೋಟಿಗಿಂತ ಹೆಚ್ಚು. ಖಿನ್ನತೆಯ ವಿಷಯದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ವಯಸ್ಕರಲ್ಲಿ ಸುಮಾರು ಇಪ್ಪತ್ತು ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕಿರುತ್ತಾರೆಂದು ತೋರಿಸಿತು. ಈ ಎರಡು ರೋಗಗಳನ್ನೂ ನಾವು ಎರಡು ಬೇರೆ ಬೇರೆ ಊರಿನವರೆಂಬಂತೆ ಕಾಣುತ್ತೇವೆ. ಒಂದಕ್ಕೆ ಒಬ್ಬ ವೈದ್ಯ, ಮತ್ತೊಂದಕ್ಕೆ ಮತ್ತೊಬ್ಬ. ಆದರೆ ಇವೆರಡಕ್ಕೂ ಹಳೆಯ ನೆಂಟತನವಿದೆ. ಮೊದಲನೆಯದು ಬಂದು ನೆಲಸಿದ ಮನೆಗೆ ಎರಡನೆಯದು ದಾರಿ ಕೇಳಿಕೊಂಡು ಬರುತ್ತದೆ. ಅದನ್ನು ಹೊರಗೆಯೇ ನಿಲ್ಲಿಸುವುದು ಸಾಧ್ಯ. ಆದರೆ ನಿಲ್ಲಿಸುವ ಭಾರ ರೋಗಿಯದಲ್ಲ, ಮನೆಯವರದು. ಈ ಲೇಖನದಲ್ಲಿ ನಾನು ಹೇಳತಕ್ಕದ್ದು ಇಷ್ಟೇ.

ನಾನು ವೈದ್ಯನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶ, ರಘುವಂಶ, ಕೌಮುದಿಗಳನ್ನು ಓದಿ, ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಯಾಪಲದಿನ್ನಿಯಲ್ಲಿ ವಿಶ್ರಾಂತನಾಗಿರುವವನು. ಈ ವಿಷಯವನ್ನು ಕುರಿತು ಓದುವಂತೆ ಮಾಡಿದ್ದು ನನ್ನ ತಮ್ಮನ ಸ್ಥಿತಿ. ಅವನು ರಾಯಚೂರಿನ ಗಂಜಿನಲ್ಲಿ ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಬೆಳಗಿನಿಂದ ಸಂಜೆಯವರೆಗೆ ಅಂಗಡಿಗೂ ತೂಕದ ಕಟ್ಟೆಗೂ ಓಡಾಡುತ್ತ ದಣಿವನ್ನು ಅರಿಯದವನು. ಆರು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಕರ್ಮಾಂತರಗಳು ಮುಗಿದು ನೆಂಟರು ಹೊರಟುಹೋದ ಮೇಲೆ ಅವನ ದುಃಖ ಕಡಮೆಯಾಗಬೇಕಾಗಿತ್ತು; ಆಗಲಿಲ್ಲ. ಕೆಲಸ ಬಿಟ್ಟ, ಓದು ಬಿಟ್ಟ, ಮಾತು ಬಿಟ್ಟ. ರಾತ್ರಿ ನಿದ್ರೆ ಬಾರದು. ಹಗಲು ಹಾಸಿಗೆ ಬಿಡದು. ಅವನನ್ನು ಊರಿಗೆ ಕರೆತಂದು ನಮ್ಮ ಮನೆಯಲ್ಲಿ ಇರಿಸಿಕೊಂಡೆವು. ರಾಯಚೂರಿನ ಮನೋವೈದ್ಯರಲ್ಲಿ ಚಿಕಿತ್ಸೆಯೂ ಮೊದಲಾಯಿತು. ಚಿಕಿತ್ಸೆಯಿಂದ ನಿದ್ರೆ ಬಂತು, ಅಳು ನಿಂತಿತು. ಆದರೆ ಎಂಟು ತಿಂಗಳಲ್ಲಿ ತೂಕ ಎಪ್ಪತ್ತೊಂದು ಕಿಲೋದಿಂದ ಎಪ್ಪತ್ತೆಂಟಕ್ಕೆ ಏರಿತು. ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಅಂಶ ೧೧೪ ಎಂದು ಬಂತು. ನಮ್ಮ ತಾಯಿ ಮಧುಮೇಹದಿಂದ ಒಂದು ಪಾದದ ಬೆರಳುಗಳನ್ನು ಕಳೆದುಕೊಂಡು, ಕಡೆಯ ಎರಡು ವರ್ಷ ಕಣ್ಣು ಕಾಣದೆ ಇದ್ದವಳು. ಆಕೆಯ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದವನು ಈ ತಮ್ಮನೇ. ಹೀಗಾಗಿ ೧೧೪ ಎಂಬ ಅಂಕಿ ನಮ್ಮ ಮನೆಯಲ್ಲಿ ಬರಿಯ ಅಂಕಿಯಾಗಿ ಉಳಿಯಲಿಲ್ಲ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿದ್ದಾರೆಂದು ನೋಡುವುದು ನನ್ನಂಥವನಿಗೆ ಸಹಜ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ದೊಡ್ಡ ಪಟ್ಟಿ ಇದೆ. ಯಾವ ಯಾವ ಕಾರ್ಯಕ್ಕೆ ಯಾವುದು ಅಗ್ರಗಣ್ಯವೆಂಬುದರ ಗಣನೆ ಅದು. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಮೊದಲನೆಯ ಸ್ಥಾನವನ್ನು ಅಲ್ಲಿ ವಿಷಾದಕ್ಕೆ ಕೊಟ್ಟಿದೆ. ಪ್ರಮೇಹದ ಇಪ್ಪತ್ತು ಪ್ರಭೇದಗಳನ್ನು ಹೇಳುವಾಗ ಅದೇ ಗ್ರಂಥವು ಕುಳಿತಿರುವ ಸುಖ, ಮಲಗಿರುವ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥ ಇವುಗಳನ್ನು ಕಾರಣಗಳಾಗಿ ಎಣಿಸುತ್ತದೆ. ತಿನ್ನುವುದರಲ್ಲಿ ಆಸೆಯುಳ್ಳವನಾಗಿ ಸ್ನಾನವನ್ನೂ ನಡಿಗೆಯನ್ನೂ ದ್ವೇಷಿಸುವವನ ಬಳಿಗೆ ಪ್ರಮೇಹವು ಗೂಡಿರುವ ಮರಕ್ಕೆ ಹಕ್ಕಿಯಂತೆ ಬೇಗನೆ ಬಂದು ಸೇರುವುದೆಂಬ ಉಪಮೆಯೂ ಅಲ್ಲಿ ಉಂಟು. ಪಾಶ್ಚಾತ್ಯರಲ್ಲಿ, ಹದಿನೇಳನೆಯ ಶತಮಾನದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸ್ ಎಂಬಾತನು ಮಧುಮೇಹಿಯ ಮೂತ್ರದ ಸಿಹಿಯನ್ನು ಗುರುತಿಸಿದುದಲ್ಲದೆ, ಬಹುಕಾಲದ ದುಃಖವೂ ಈ ರೋಗಕ್ಕೆ ಕಾರಣವಾದೀತೆಂದು ಬರೆದಿಟ್ಟನು. ಎರಡು ದೂರದೇಶಗಳ ವೈದ್ಯರು ಒಂದೇ ಕಡೆಗೆ ಬೆರಳು ತೋರಿಸಿದ್ದಾರೆ.

ಆದರೆ ಶಾಸ್ತ್ರದ ಈ ಮಾತುಗಳನ್ನು ಓದುವಾಗ ಒಂದು ವಿವೇಕ ಬೇಕು. ಆಚಾರ್ಯರು ಹೇಳಿದ್ದು ಕುಳಿತಿರುವ ‘ಸುಖ’ವನ್ನು ಕುರಿತು. ಖಿನ್ನನಾದವನು ಕುಳಿತಿರುತ್ತಾನೆ, ಅದರಲ್ಲಿ ಸುಖವಿಲ್ಲ. ಮಲಗಿರುತ್ತಾನೆ, ಅದರಲ್ಲಿಯೂ ಸುಖವಿಲ್ಲ. ಸ್ನಾನವನ್ನು ಮುಂದೂಡುತ್ತಾನೆ, ನೀರಿನ ಮೇಲಿನ ದ್ವೇಷದಿಂದಲ್ಲ, ಎದ್ದು ತಂಬಿಗೆ ಹಿಡಿಯುವುದೇ ಬೆಟ್ಟ ಹತ್ತಿದಂತೆ ಆಗಿರುವುದರಿಂದ. ಹೊರಗಿನಿಂದ ನೋಡುವವನಿಗೆ ಸೋಮಾರಿಯೂ ಖಿನ್ನನೂ ಒಂದೇ ಬಗೆಯಾಗಿ ಕಾಣುತ್ತಾರೆ. ಭೇದವೇನೆಂದರೆ, ಸೋಮಾರಿಗೆ ಕೆಲಸ ಬೇಡ, ಆಟ ಬೇಕು. ಖಿನ್ನನಿಗೆ ಕೆಲಸವೂ ಬೇಡ, ಆಟವೂ ಬೇಡ. ಹಿಂದೆ ಯಾವುದು ಪ್ರಿಯವಾಗಿತ್ತೋ ಅದೇ ಈಗ ರುಚಿಸದು. ನನ್ನ ತಮ್ಮನು ಒಂದು ದಿನ, "ಕಾಲು ಅದಾವ ಅಣ್ಣಾ, ಎತ್ತಿ ಇಡೋ ಮನಸ್ಸಿಲ್ಲ" ಎಂದನು. ಈ ರೋಗದ ಲಕ್ಷಣವನ್ನು ಇದಕ್ಕಿಂತ ಚಿಕ್ಕ ಮಾತಿನಲ್ಲಿ ನಾನು ಎಲ್ಲಿಯೂ ಓದಿಲ್ಲ.

ದುಃಖಕ್ಕೂ ರಕ್ತದ ಸಕ್ಕರೆಗೂ ಏನು ಸಂಬಂಧವೆಂದು ಕೇಳುವವರಿಗೆ ಆಧುನಿಕ ವೈದ್ಯರು ಕೊಡುವ ಉತ್ತರ ಹೀಗಿದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಖಿನ್ನತೆಯುಳ್ಳವರಿಗೆ ಮುಂದೆ ಮಧುಮೇಹ ತಗಲುವ ಸಂಭವವು ಇತರರಿಗಿಂತ ಶೇಕಡ ೬೦ರಷ್ಟು ಹೆಚ್ಚೆಂದು ಕಂಡುಬಂತು. ಇದಕ್ಕೆ ಕಾರಣ ಒಂದಲ್ಲ. ಮನಸ್ಸು ಬಹುಕಾಲ ಕ್ಲೇಶದಲ್ಲಿದ್ದರೆ ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ ರಸವು ಹೆಚ್ಚಾಗಿ ಸ್ರವಿಸಬಹುದು. ಅಪಾಯದ ಸಮಯದಲ್ಲಿ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವುದು ಅದರ ಧರ್ಮ. ಹುಲಿ ಎದುರಾದಾಗ ಓಡಲು ಅದು ಬೇಕು. ಓಡದೆ ಮೂಲೆಯಲ್ಲಿ ಕುಳಿತವನಲ್ಲಿ ಆ ಸಕ್ಕರೆ ವ್ಯಯವಾಗದು. ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡದಂತಾಗುತ್ತದೆ. ಕೆಟ್ಟ ನಿದ್ರೆಯು ಇದನ್ನು ಹೆಚ್ಚಿಸುತ್ತದೆ. ಊಟದ ಹೊತ್ತು ತಪ್ಪುತ್ತದೆ. ಅಡಿಗೆಯ ರುಚಿ ತಿಳಿಯದ ನಾಲಗೆ ಸಿಹಿಯನ್ನು ಮಾತ್ರ ಗುರುತಿಸುತ್ತದೆ. ಬೀಡಿ, ಸಾರಾಯಿಗಳ ಚಟವಿದ್ದರೆ ಅವು ಈ ಕಾಲದಲ್ಲಿಯೇ ಬಲಿಯುತ್ತವೆ. ಇದು ಒಂದು ಮುಖ. ಮಧುಮೇಹ ಬಂದವರಲ್ಲಿ ಖಿನ್ನತೆ ಹೆಚ್ಚಾಗಿ ಕಾಣುವುದು ಇನ್ನೊಂದು ಮುಖ. ಹೀಗೆ ಎರಡೂ ಒಂದನ್ನೊಂದು ಪೋಷಿಸುತ್ತ ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ.

ಔಷಧದ ಮಾತನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ಆಡಬೇಕು. ಖಿನ್ನತೆಗೆ ಕೊಡುವ ಎಲ್ಲ ಔಷಧಗಳೂ ತೂಕವನ್ನು ಏರಿಸುವುದಿಲ್ಲ, ಕೆಲವು ಏರಿಸುತ್ತವೆ. ಮಿರ್ಟಜಪೀನ್, ಅಮಿಟ್ರಿಪ್ಟಿಲೀನ್ ಎಂಬವು ಅಂಥವು. ಕೆಲವು ರೋಗಿಗಳಿಗೆ ಜೊತೆಯಾಗಿ ಕೊಡುವ ಓಲಾಂಜಪೀನ್, ಕ್ವೆಟಿಯಪೀನ್ ಎಂಬವು ಹಸಿವನ್ನು ಕೆರಳಿಸಿ, ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲವು. ಇದನ್ನು ಕೇಳಿದೊಡನೆ ‘ಹಾಗಾದರೆ ಗುಳಿಗೆಯನ್ನೇ ಬಿಡಿಸೋಣ’ ಎನ್ನುವ ಹಿತೈಷಿಗಳು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಅದು ಘಾತುಕ. ಖಿನ್ನತೆ ಮರುಕಳಿಸಿದರೆ ಪ್ರಾಣಕ್ಕೇ ಅಪಾಯ. ಸಕ್ಕರೆಯ ಮಾತು ಆಮೇಲಿನದು. ಮಾಡತಕ್ಕದ್ದೇನೆಂದರೆ, ಔಷಧವನ್ನು ಮೊದಲು ಮಾಡುವಾಗಲೇ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆಗಳನ್ನು ಬರೆದಿಡುವುದು. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ತೂಕ ನೋಡುವುದು. ಮೂರು ತಿಂಗಳಿಗೆ ಒಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷಿಸುವುದು. ಏರಿದ್ದರೆ ಆ ಚೀಟಿಯನ್ನು ಮನೋವೈದ್ಯರ ಮುಂದಿಟ್ಟು, ಬೇರೆ ಔಷಧವಿದೆಯೇ ಎಂದು ಕೇಳುವುದು. ನನ್ನ ತಮ್ಮನ ವೈದ್ಯರು ಈ ಲೆಕ್ಕವನ್ನು ನೋಡಿ ಎರಡು ಔಷಧಗಳಲ್ಲಿ ಒಂದನ್ನು ನಿಧಾನವಾಗಿ ಇಳಿಸಿ ಮತ್ತೊಂದನ್ನು ಕೊಟ್ಟರು. ಕೇಳದಿದ್ದರೆ ಬದಲಾವಣೆ ಆಗುತ್ತಿತ್ತೋ ಇಲ್ಲವೋ; ಕೇಳಿದ್ದರಿಂದ ಆಯಿತು.

ಅಂಕಿಗಳನ್ನು ಮನೆಯವರೆಲ್ಲರೂ ತಿಳಿದಿರುವುದು ಲೇಸು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ ನೂರಕ್ಕಿಂತ ಕೆಳಗಿದ್ದರೆ ಆರೋಗ್ಯ. ೧೦೦ರಿಂದ ೧೨೫ರವರೆಗೆ ಹೊಸ್ತಿಲು. ೧೨೬ ಅಥವಾ ಅದಕ್ಕೆ ಮೇಲೆ ಇದ್ದು, ಎರಡನೆಯ ಪರೀಕ್ಷೆಯೂ ಅದನ್ನೇ ಹೇಳಿದರೆ ಮಧುಮೇಹ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಇನ್ನೊಂದು ಪರೀಕ್ಷೆಯಲ್ಲಿ ಶೇಕಡ ೫.೭ರಿಂದ ೬.೪ರವರೆಗೆ ಹೊಸ್ತಿಲು, ೬.೫ರಿಂದ ಮೇಲೆ ರೋಗ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ ೯೦ ಸೆಂಟಿಮೀಟರು, ಹೆಂಗಸರಲ್ಲಿ ೮೦ ಸೆಂಟಿಮೀಟರು ಮೀರಬಾರದು. ಇದನ್ನು ಅಳೆಯಲು ದರ್ಜಿಯ ಪಟ್ಟಿ ಸಾಕು. ಮೂವತ್ತು ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡಗಳ ತಪಾಸಣೆ ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತದೆ. ಖಿನ್ನನಾದವನು ತಾನಾಗಿ ಎದ್ದು ಅಲ್ಲಿಗೆ ಹೋಗುವುದಿಲ್ಲ. ಅವನ ಜೊತೆಗೆ ಮನೆಯ ಒಬ್ಬರು ಹೋಗಿ, ತಮ್ಮ ಬೆರಳನ್ನೂ ಮುಂದೆ ಚಾಚಿದರೆ, ಅದು ಅವನೊಬ್ಬನಿಗೆ ವಿಧಿಸಿದ ಶಿಕ್ಷೆಯಂತೆ ತೋರುವುದಿಲ್ಲ.

ಇನ್ನು ತಡೆಯುವ ಮಾರ್ಗ. ಮಧುಮೇಹವನ್ನು ಹೊಸ್ತಿಲಿನಲ್ಲಿಯೇ ತಡೆಯಬಹುದೆಂಬುದು ಬರಿಯ ಆಶ್ವಾಸನೆಯಲ್ಲ. ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ವಾರಕ್ಕೆ ೧೫೦ ನಿಮಿಷದ ನಡಿಗೆ ಮೊದಲಾದ ವ್ಯಾಯಾಮ ಮತ್ತು ತೂಕದಲ್ಲಿ ಶೇಕಡ ೭ರ ಇಳಿತ ಇವುಗಳನ್ನು ಗುರಿಯಾಗಿಟ್ಟುಕೊಂಡವರಲ್ಲಿ ರೋಗವು ಶೇಕಡ ೫೮ರಷ್ಟು ಕಡಮೆಯಾಯಿತು. ನಮ್ಮ ನೆರೆಯ ಮದರಾಸಿನಲ್ಲಿ ಡಾ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಹಾರವಿಹಾರಗಳ ತಿದ್ದುಪಡಿಯಿಂದಲೇ ಶೇಕಡ ೨೮ರಷ್ಟು ಇಳಿತ ಕಂಡಿತು. ಸುಶ್ರುತನಾದರೋ ಪ್ರಮೇಹಕ್ಕೆ ನಡಿಗೆಯನ್ನೇ ಔಷಧವಾಗಿ ವಿಧಿಸಿ, ಹಣವೂ ಬಂಧುಗಳೂ ಇಲ್ಲದವನು ಕೊಡೆ, ಕೆರವುಗಳಿಲ್ಲದೆ ನೂರು ಯೋಜನ ನಡೆಯಲೆಂದನು. ಮತ್ತೊಬ್ಬನಿಗೆ ಬಾವಿ ತೋಡಲು ಹೇಳಿದನು. ಗಂಟೆಗೆ ೫ ಕಿಲೋಮೀಟರಿನಂತೆ ವಾರಕ್ಕೆ ೧೫೦ ನಿಮಿಷ ನಡೆದರೆ ವಾರಕ್ಕೆ ಹನ್ನೆರಡೂವರೆ, ವರ್ಷಕ್ಕೆ ೬೫೦ ಕಿಲೋಮೀಟರು. ಯೋಜನವನ್ನು ಸುಮಾರು ೧೩ ಕಿಲೋಮೀಟರೆಂದು ಎಣಿಸುವವರ ಲೆಕ್ಕದಲ್ಲಿ ಸುಶ್ರುತನ ನೂರು ಯೋಜನವು ಎರಡು ವರ್ಷದಲ್ಲಿ ಮುಗಿಯುತ್ತದೆ. ಮೇಷ್ಟರಾಗಿದ್ದವರಿಗೆ ಇಂಥ ಲೆಕ್ಕದಲ್ಲಿ ಸ್ವಲ್ಪ ಸಂತೋಷವಿರುತ್ತದೆ.

ಲೆಕ್ಕ ಸುಲಭ, ನಡೆಯಬೇಕಾದವನು ಎದ್ದರೆ ತಾನೆ? ಇಲ್ಲಿಯೇ ನಮ್ಮ ಬಂಧುಬಾಂಧವರು ಎಡವುವುದು. ಮನೆಗೆ ಬಂದ ನೆಂಟರೊಬ್ಬರು ತಮ್ಮನ ಹಾಸಿಗೆಯ ಬಳಿ ನಿಂತು, "ಹಿಂಗ ಬಿದ್ದುಕೊಂಡ್ರ ಸಕ್ಕರೆ ಬರ್ತದ, ಏಳು, ನಿಮ್ಮವ್ವನ್ನ ನೋಡಿಲ್ಲೇನು?" ಎಂದು ಉಪದೇಶಿಸಿ ಹೋದರು. ಆ ದಿನ ಅವನು ಊಟಕ್ಕೂ ಏಳಲಿಲ್ಲ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಸತ್ಯವೆಲ್ಲವೂ ಔಷಧವಲ್ಲ. ‘ನಾನು ಯಾವುದಕ್ಕೂ ಬಾರದವನು’ ಎಂದು ಒಳಗೇ ಕೊರಗುತ್ತಿರುವವನಿಗೆ ಮಾಡಲಾಗದ ಇನ್ನೊಂದು ಕರ್ತವ್ಯವನ್ನು ಹೊರಿಸಿದರೆ, ಆ ಕೊರಗಿಗೆ ಇನ್ನೊಂದು ಸಾಕ್ಷಿ ಒದಗಿಸಿದಂತೆ. ಗೀತೆಯಲ್ಲಿಯೂ ಹೀಗೆಯೇ. ಎರಡನೆಯ ಅಧ್ಯಾಯದ ಮೊದಲಿಗೆ ಶ್ರೀಕೃಷ್ಣನು ಅರ್ಜುನನನ್ನು ಗದರಿಸುತ್ತಾನೆ. ಅದರಿಂದ ಅರ್ಜುನನು ಏಳುವುದಿಲ್ಲ. ಯುದ್ಧ ಮಾಡೆನೆಂದು ಹೇಳಿ ಸುಮ್ಮನಾಗುತ್ತಾನೆ. ಭಗವಂತನ ಗದರಿಕೆಯೇ ಫಲಿಸದಿದ್ದ ಮೇಲೆ ನಮ್ಮ ನಿಮ್ಮ ಗದರಿಕೆ ಯಾವ ಲೆಕ್ಕ? ಆಮೇಲೆ ಅವನನ್ನು ಎಬ್ಬಿಸಿದ್ದು ಅದೇ ರಥದಲ್ಲಿ ಅವನ ಜೊತೆಗೇ ಇದ್ದು, ಬೇಸರಪಡದೆ ಆಡಿದ ಮಾತು. ಸಾರಥಿಯು ರಥವನ್ನು ಬಿಟ್ಟಿಳಿದು ದೂರದಿಂದ ಕೂಗಲಿಲ್ಲ.

ಆದುದರಿಂದ ನಮ್ಮ ಮನೆಯಲ್ಲಿ ಮಾಡಿದ ವ್ಯವಸ್ಥೆಯೆಂದರೆ, ಪಥ್ಯವು ಅವನಿಗಲ್ಲ, ಮನೆಗೆ. ಮೊದಲನೆಯದು ಚಹಾ. ಊಟ ಬಿಟ್ಟವನು ಚಹಾದಲ್ಲಿಯೇ ದಿನ ಕಳೆಯುತ್ತಿದ್ದನು. ದಿನಕ್ಕೆ ಆರು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ. ಚಮಚಕ್ಕೆ ೫ ಗ್ರಾಂ ಎಂದರೆ ದಿನಕ್ಕೆ ೬೦ ಗ್ರಾಂ, ತಿಂಗಳಿಗೆ ೧,೮೦೦ ಗ್ರಾಂ. ನನ್ನ ಮನೆಯವಳು ಯಾರಿಗೂ ಹೇಳದೆ ಎಲ್ಲರ ಲೋಟದಲ್ಲಿಯೂ ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದಳು. ಆರನೆಯ ಚಹಾದ ಹೊತ್ತಿಗೆ ಮಜ್ಜಿಗೆ ಬರತೊಡಗಿತು. "ವೈನಿ, ಇವತ್ತು ಚಹಾ ಚಪ್ಪೆ ಆಗೇದ" ಎಂದು ತಮ್ಮನು ದೂರಿದ ದಿನ ನಮಗೆ ಹರ್ಷವಾಯಿತು; ರುಚಿ ತಿಳಿಯತೊಡಗಿತಲ್ಲ! ಎರಡನೆಯದು ಅನ್ನ. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನವಿಗಳ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹಬ್ಬದ ದಿನ ಮಾತ್ರ ಕಾಣುತ್ತಿದ್ದ ನುಣುಪಾದ ಅನ್ನವು ಮೂರು ಹೊತ್ತಿನ ಊಟವಾಯಿತು. ಅದು ಸಮೃದ್ಧಿಯೇ, ಆದರೆ ಪಾಲಿಶ್ ಮಾಡಿದ ಅಕ್ಕಿಯ ಅನ್ನವು ರಕ್ತದಲ್ಲಿ ಬೇಗ ಸಕ್ಕರೆಯಾಗುತ್ತದೆ. ನಾವು ರಾತ್ರಿಯ ಊಟಕ್ಕೆ ಮತ್ತೆ ಜೋಳದ ರೊಟ್ಟಿಗೆ ಮರಳಿದೆವು. ರೊಟ್ಟಿಯೂ ಹಿಟ್ಟಿನದೇ ಆದುದರಿಂದ ಎಣಿಸಿ ಎರಡು. ಉಳಿದ ಹೊಟ್ಟೆಗೆ ಪುಂಡಿಪಲ್ಯ, ಮೆಂತ್ಯದ ಪಲ್ಯ, ಹೆಸರುಕಾಳು, ಸ್ವಲ್ಪ ಶೇಂಗಾ ಹಿಂಡಿ. ಬೆಳಗಿನ ಮಂಡಾಳ ಒಗ್ಗರಣೆಯೂ ಮಿರ್ಚಿಯೂ ಈ ಸೀಮೆಯ ಪ್ರಾಣ. ಅವನ್ನು ಪೂರ್ತಿ ನಿಷೇಧಿಸಲಿಲ್ಲ, ಭಾನುವಾರಕ್ಕೆ ಎತ್ತಿಟ್ಟೆವು. ಎಲ್ಲರ ತಟ್ಟೆಯಲ್ಲಿಯೂ ಒಂದೇ ಪದಾರ್ಥ. ರೋಗಿಯ ತಟ್ಟೆಯೆಂದು ಬೇರೆಯದೊಂದು ಇರಲಿಲ್ಲ.

ಮೂರನೆಯದು ನಡಿಗೆ. ರಾಯಚೂರಿನ ಬಿಸಿಲು ವಾಚಕರಿಗೆ ಗೊತ್ತಿದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡಿನಲ್ಲಿ ಸೂರ್ಯನಿಗಿಂತ ಮೊದಲೇ ಏಳದಿದ್ದರೆ ನಡಿಗೆಯಿಲ್ಲ. ಮೊದಲ ವಾರ ‘ನಡೆಯೋಣ’ ಎಂಬ ಶಬ್ದವನ್ನೇ ಬಳಸಲಿಲ್ಲ. ಹನುಮಪ್ಪನ ಗುಡಿಗೆ ಎಣ್ಣೆ ಕೊಟ್ಟು ಬರುವುದಿದೆ, ನನ್ನ ಕೈಗೆ ಕತ್ತಲಲ್ಲಿ ಒಂದು ಆಸರೆ ಬೇಕೆಂದು ಕೇಳಿದೆ. ಅದು ಸುಳ್ಳೂ ಆಗಿರಲಿಲ್ಲ. ಹತ್ತು ನಿಮಿಷ ಹೋಗಿ ಬಂದೆವು. ಕೆಲವು ದಿನ ಬಾಗಿಲವರೆಗೆ ಬಂದು ಹಿಂದಿರುಗಿದನು. ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮಾತೂ ಆಡಲಿಲ್ಲ. ಮೂರು ತಿಂಗಳಿಗೆ ಅರ್ಧ ಗಂಟೆಯಾಯಿತು. ನಡಿಗೆಯಿಂದ ಸಕ್ಕರೆ ಇಳಿಯುವುದು ಒಂದು ಲಾಭ; ನಿಯತವಾದ ವ್ಯಾಯಾಮವು ಖಿನ್ನತೆಯನ್ನೂ ಇಳಿಸುವುದೆಂದು ವೈದ್ಯರು ಪರೀಕ್ಷಿಸಿ ಕಂಡಿರುವುದು ಎರಡನೆಯ ಲಾಭ. ಒಂದು ಕಲ್ಲಿಗೆ ಎರಡು ಹಣ್ಣು. ಸಂಜೆಯ ಭಜನೆಗೆ ಅವನನ್ನು ಹಾಡಲು ಕರೆಯಲಿಲ್ಲ; ತಾಳ ಹಿಡಿದು ಕುಳಿತಿರಲು ಕರೆದೆವು. ಜನರ ನಡುವೆ ಮಾತಿಲ್ಲದೆ ಕುಳಿತಿರುವ ಅವಕಾಶವು ಖಿನ್ನನಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಅಲ್ಲಿ ಕಂಡೆ.

ನಮ್ಮ ಊರಿನ ಹೆಸರಿನ ನೆಪದಿಂದ ಒಂದು ಮಾತು. ತೆಲುಗಿನ ನೆರೆಯಲ್ಲಿರುವ ನಮಗೆ ‘ಯಾಪ’ ಎಂದರೆ ಬೇವು. ‘ದಿನ್ನಿ’ ಎಂದರೆ ದಿಬ್ಬ. ಬೇವಿನ ದಿಬ್ಬದಲ್ಲಿ ಇರುವವರಿಗೆ ಸಕ್ಕರೆ ಕಾಯಿಲೆ ಹೇಗೆ ಬಂದೀತೆಂದು ವಿನೋದ ಮಾಡುವವರೂ, ಬೆಳಿಗ್ಗೆ ಬೇವಿನ ರಸ ಕುಡಿಸಿದರೆ ಸಾಕೆಂದು ನಿಜವಾಗಿಯೇ ನಂಬಿರುವವರೂ ಉಂಟು. ಕಹಿಯು ಸಿಹಿಯನ್ನು ಕೊಲ್ಲುವುದೆಂಬುದು ನಾಲಗೆಯ ತರ್ಕ, ರಕ್ತದ ತರ್ಕವಲ್ಲ. ಆ ರಸವನ್ನು ನಂಬಿ ಪರೀಕ್ಷೆಯನ್ನೂ ನಡಿಗೆಯನ್ನೂ ಗುಳಿಗೆಯನ್ನೂ ಬಿಟ್ಟರೆ ಆಗುವ ಹಾನಿ ನಿಶ್ಚಿತ.

ಇಷ್ಟು ಹೊತ್ತು ಗಂಡಸಿನ ಮಾತಾಯಿತು. ವಿದ್ಯಾವಂತರ ಮನೆಗಳಲ್ಲಿಯೂ ಕಣ್ಣಿಗೆ ಬೀಳದೆ ಹೋಗುವುದು ಹೆಂಗಸರ ಖಿನ್ನತೆ. ಗಂಡಸು ಕುಳಿತುಬಿಟ್ಟರೆ ಮನೆಗೆ ಗೊತ್ತಾಗುತ್ತದೆ, ಸಂಬಳ ನಿಲ್ಲುತ್ತದೆ. ಹೆಂಗಸಿಗೆ ಕುಳಿತುಬಿಡುವ ಸ್ವಾತಂತ್ರ್ಯವೂ ಇಲ್ಲ. ಒಳಗೆ ಎಲ್ಲ ಕುಸಿದಿದ್ದರೂ ಒಲೆ ಹೊತ್ತುತ್ತದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಆದುದರಿಂದ ಎಲ್ಲವೂ ಕ್ಷೇಮವೆಂದು ಮನೆಯವರು ತಿಳಿಯುತ್ತಾರೆ. ಎಲ್ಲರ ಊಟವಾದ ಮೇಲೆ ಉಳಿದ ಅನ್ನವನ್ನು, ಕೆಡುತ್ತದಲ್ಲ ಎಂದು, ಹಸಿವಿಲ್ಲದೆಯೂ ಅವಳೇ ಮುಗಿಸುತ್ತಾಳೆ. ಮನೆಗೆಲಸದಲ್ಲಿ ದಣಿವು ಉಂಟು, ಬಯಲಿನ ಗಾಳಿಯ ನಡಿಗೆ ಇಲ್ಲ. ‘ಮೈ ಬಂದಿದೆ, ಸುಖವಾಗಿದ್ದಾಳೆ’ ಎನ್ನುವ ನೆರೆಯವರು ಒಮ್ಮೆ ಅವಳ ಮುಖವನ್ನು ನೋಡಬೇಕು. ಹೆರಿಗೆಯ ಸಮಯದಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವಳಾದರೆ, ಹೆರಿಗೆಯ ಮೇಲೆ ಮನಸ್ಸು ಕುಗ್ಗಿದ್ದವಳಾದರೆ, ಅವಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಮನೆಯ ಸೊಸೆಗೆ ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆದು ಬರಲು ಅವಕಾಶ ಮಾಡಿಕೊಟ್ಟು, ಆ ಹೊತ್ತಿನ ಒಲೆಯನ್ನು ಇನ್ನೊಬ್ಬರು ನೋಡಿಕೊಳ್ಳುವ ಮನೆಯಲ್ಲಿ ಈ ಲೇಖನದ ಅರ್ಧ ಉದ್ದೇಶ ಸಿದ್ಧಿಸಿತು.

ಹೊರಗಿನ ಸಹಾಯವೂ ಈಗ ಮೊದಲಿನಷ್ಟು ದೂರವಿಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ಕಲಿಸಿ ಜಿಲ್ಲೆಯೊಳಗೇ ಒದಗಿಸಬಹುದೆಂದು ನಿಮ್ಹಾನ್ಸಿನವರು ೧೯೮೦ರ ದಶಕದಲ್ಲಿ ಮೊದಲು ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ. ಆ ಮಾದರಿಯು ೧೯೯೬ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು. ರಾಯಚೂರಿನಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯ ಇದೆ. ಊರು ಬಿಟ್ಟು ಹೋಗಲಾಗದವರಿಗೆ ೨೦೨೨ರ ಅಕ್ಟೋಬರಿನಲ್ಲಿ ಮೊದಲಾದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಇದೆ. ೧೪೪೧೬ ಎಂಬ ಅಂಕಿಗೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ‘ಬದುಕಿ ಏನು ಫಲ’ ಎಂಬ ಮಾತು ರೋಗಿಯ ಬಾಯಿಂದ ಬಂದರೆ ಅಂದೇ ವೈದ್ಯರನ್ನು ಕಾಣಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. ಆಗ ಪಥ್ಯದ ಮಾತೆಲ್ಲ ಹಿಂದಕ್ಕೆ.

ಎರಡು ರೋಗಗಳನ್ನೂ ಒಟ್ಟಿಗೆ ನೋಡಿಕೊಂಡರೆ ಎರಡೂ ಇಳಿಯುತ್ತವೆಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷ್ಯವಿದೆ. ಬೆಂಗಳೂರು, ಮದರಾಸು, ದಿಲ್ಲಿ, ವಿಶಾಖಪಟ್ಟಣಗಳ ನಾಲ್ಕು ಚಿಕಿತ್ಸಾಲಯಗಳಲ್ಲಿ, ಮಧುಮೇಹವೂ ಖಿನ್ನತೆಯೂ ಇದ್ದ ೪೦೪ ಮಂದಿಯ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಯನ್ನು ಬೆಂಬಿಡದೆ ವಿಚಾರಿಸುತ್ತಿದ್ದ ಒಬ್ಬ ಸಹಾಯಕನನ್ನೂ, ಎರಡು ಕಡೆಯ ತಜ್ಞರ ಸಲಹೆಯನ್ನೂ ಕೂಡಿಸಿದಾಗ, ಎರಡು ವರ್ಷದಲ್ಲಿ ಮನಸ್ಸೂ, ಅದರ ಜೊತೆಗೆ ಸಕ್ಕರೆ, ರಕ್ತದೊತ್ತಡ ಮೊದಲಾದವುಗಳಲ್ಲಿ ಒಂದಾದರೂ ಸುಧಾರಿಸಿದವರು ಹೆಚ್ಚಾದರು. ಅವರೆಲ್ಲ ಮಧುಮೇಹ ಬಂದಾಗಿದ್ದವರು. ಬಂದ ಮೇಲೆಯೇ ಇಷ್ಟು ಸಾಧ್ಯವಾದರೆ, ಬರುವ ಮೊದಲು ವಿಚಾರಿಸಿಕೊಳ್ಳುವವರಿದ್ದರೆ ಎಷ್ಟು ಒಳಿತೆಂದು ಊಹಿಸಬಹುದು. ಚಿಕಿತ್ಸಾಲಯದಲ್ಲಿ ಆ ಸಹಾಯಕನಿಗೆ ಸಂಬಳ ಕೊಡಬೇಕು. ಮನೆಯಲ್ಲಿ ಆ ಸ್ಥಾನ ಅಣ್ಣನದೋ ಅತ್ತಿಗೆಯದೋ ಮಗಳದೋ ಆಗಿರುತ್ತದೆ.

ತಮ್ಮನ ತೂಕ ಈಗ ಎಪ್ಪತ್ಮೂರು; ಬರಿಹೊಟ್ಟೆಯ ಸಕ್ಕರೆ ಕಳೆದ ಸಲ ೧೦೩. ಹೊಸ್ತಿಲನ್ನು ಇನ್ನೂ ಪೂರ್ಣವಾಗಿ ದಾಟಿ ಹಿಂದೆ ಬಂದಿಲ್ಲ, ಒಳಗೂ ಹೋಗಿಲ್ಲ. ಖಿನ್ನತೆಯೂ ಪೂರ್ತಿ ಹೋಗಿಲ್ಲ. ಮಳೆಗಾಲದ ಮೋಡದಂತೆ ಬರುತ್ತದೆ, ಸರಿಯುತ್ತದೆ. ಆದರೆ ನಾಲ್ಕು ವರ್ಷದಿಂದ ನಮ್ಮ ತಾಯಿಯ ರೋಗವು ಬಾಗಿಲಲ್ಲೇ ನಿಂತಿದೆ. ಇದನ್ನು ನಾನು ಜಯವೆಂದು ಹೇಳಿಕೊಳ್ಳುವುದಿಲ್ಲ. ದಿನವೂ ಮಾಡಬೇಕಾದ ಕೆಲಸಕ್ಕೆ ಜಯವೆಂಬ ಹೆಸರು ಒಪ್ಪುವುದಿಲ್ಲ.

ನಮ್ಮ ಸಂಘದ ಸದಸ್ಯರು ಬಹುತೇಕ ಗೃಹಸ್ಥರು, ಓದು ಬಲ್ಲವರು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವವರು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಕುಳಿತುಬಿಟ್ಟವರೊಬ್ಬರಿದ್ದರೆ, ಅವರಿಗೆ ಸಕ್ಕರೆಯ ಭಯವನ್ನು ಹೇಳಬೇಡಿರಿ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಅವರ ಬಾಗಿಲಿಗೆ ಹೋಗಿ, ಗುಡಿಯ ತನಕ ತಮಗೆ ಜೊತೆ ಬರಬೇಕೆಂದು ಕೇಳಿರಿ. ಬಾರದಿದ್ದರೆ ನಾಡಿದ್ದು ಮತ್ತೆ ಹೋಗಿರಿ.